ಪನೀರ್, ಹೋಳಿಗೆ, ಹೆಚ್ಚಿದ ಹಣ್ಣಿಗೆ ತಿನ್ನಬಹುದಾದ ಫಿಲಂ: ಸೂಕ್ಷ್ಮಾಣು ತಡೆಯುವ ಹೊದಿಕೆ ಮಾಡುವ ಬಗೆ

ಫ್ರಿಜ್‌ನಲ್ಲಿಟ್ಟ ಪನೀರ್ ಐದಾರು ದಿನಕ್ಕೆ ಲೋಳೆ ಕಟ್ಟಿದಾಗ, ಕತ್ತರಿಸಿ ನೋಡಿದರೆ ಒಳಭಾಗ ಹೆಚ್ಚುಕಡಿಮೆ ಚೆನ್ನಾಗಿಯೇ ಇರುತ್ತದೆ. ಕೆಡುವುದು ಶುರುವಾಗುವುದು ಮೇಲ್ಮೈಯಿಂದ. ಹೋಳಿಗೆಗೆ ಬರುವ ಬೂಷ್ಟೂ ಹಾಗೆಯೇ, ಹೆಚ್ಚಿದ ಪರಂಗಿಯ ನೀರೊಡೆಯುವಿಕೆಯೂ ಹಾಗೆಯೇ. ಹೀಗಿರುವಾಗ ಸಂರಕ್ಷಕವನ್ನು ಇಡೀ ಆಹಾರಕ್ಕೆ ಕಲಸುವುದಕ್ಕಿಂತ ಮೇಲ್ಮೈಗೆ ತಾಗುವ ತೆಳು ಪದರದಲ್ಲಿ ಇಡುವುದು ಜಾಣತನ. ಸೂಕ್ಷ್ಮಾಣು ತಡೆಯುವ ತಿನ್ನಬಹುದಾದ ಫಿಲಂ ಮಾಡುವುದು ಇಷ್ಟೇ ಕೆಲಸ: ಪಿಷ್ಟ, ಕಡಲಪಾಚಿಯಿಂದ ಬರುವ ಆಲ್ಜಿನೇಟ್, ಹೆಚ್ಚಾಗಿ ಸೀಗಡಿ–ಏಡಿ ಚಿಪ್ಪಿನಿಂದ ಬರುವ ಚಿಟೋಸಾನ್‌ನಂಥ ಜೈವಿಕ ಪಾಲಿಮರ್‌ನಿಂದ (ಸರಪಳಿಯಂತೆ ಉದ್ದವಾದ ಅಣುಗಳ ವಸ್ತು) ದ್ರಾವಣ ಮಾಡಿ, ತಟ್ಟೆಗೆ ಸುರಿದು ಒಣಗಿಸಿ, 50–70 ಮೈಕ್ರಾನ್ (0.05–0.07 ಮಿಮೀ) ದಪ್ಪದ ಹಾಳೆ ಮಾಡಿ, ಅದರೊಳಗೆ ಸೂಕ್ಷ್ಮಾಣು ತಡೆಯುವ ವಸ್ತುವನ್ನು ಹಿಡಿದಿಟ್ಟು, ಅದು ನಿಧಾನವಾಗಿ ಆಹಾರದ ಮೈಗೆ ಇಳಿಯುವಂತೆ ಮಾಡುವುದು.

ಹೊರಗಿನ ಪ್ಯಾಕೆಟ್ಟಿಗೆ ಇದು ಬದಲಿಯಲ್ಲ. ಫಿಲಂ ಸುತ್ತಿದ ಪನೀರ್ ಅನ್ನೂ ಮುಚ್ಚಿದ ಡಬ್ಬಿಯಲ್ಲೇ ಇಡಬೇಕು, ತಣ್ಣಗೇ ಇಡಬೇಕು. ಕೊಳಕು ಕೈಯಲ್ಲಿ ಮಾಡಿದ ಪನೀರ್‌ಗೆ ಯಾವ ಫಿಲಂ ಹೊದಿಸಿದರೂ ಉಪಯೋಗವಿಲ್ಲ. ಆರಂಭದಲ್ಲೇ ಸೂಕ್ಷ್ಮಾಣುಗಳ ಸಂಖ್ಯೆ ಹೆಚ್ಚಿದ್ದರೆ ಫಿಲಂ ಸೋಲುತ್ತದೆ.

ಆಹಾರದಿಂದ ಶುರುಮಾಡಿ, ಫಿಲಂನಿಂದಲ್ಲ

ಹೊಸಬರು ಸಾಮಾನ್ಯವಾಗಿ ಮೊದಲು ಪಾಲಿಮರ್ ಆರಿಸುತ್ತಾರೆ, ಆಮೇಲೆ ಅದಕ್ಕೊಂದು ಆಹಾರ ಹುಡುಕುತ್ತಾರೆ. ಇದು ತಿರುವುಮುರುವು. ಮೊದಲು ಮೂರು ಸಂಗತಿ ಗೊತ್ತಿರಬೇಕು: ಆಹಾರದ ಮೈ ಎಷ್ಟು ಒದ್ದೆ, ಅದರ ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) ಎಷ್ಟು, ಅದನ್ನು ಕೆಡಿಸುವುದು ಯಾವ ಜಾತಿಯ ಸೂಕ್ಷ್ಮಾಣು.

ಪನೀರ್ ತೆಗೆದುಕೊಳ್ಳಿ. ತೇವಾಂಶ ಶೇ 60ರವರೆಗೂ ಇರಬಹುದು, ಒಣ ತೂಕದಲ್ಲಿ ಅರ್ಧದಷ್ಟು ಅಥವಾ ಹೆಚ್ಚು ಕೊಬ್ಬು, ಪಿಎಚ್ ಸಾಮಾನ್ಯವಾಗಿ 5.5ರಿಂದ 6. ಫ್ರಿಜ್‌ನಲ್ಲಿ ಅದನ್ನು ಕೆಡಿಸುವುದರಲ್ಲಿ ಸ್ಯೂಡೊಮೊನಾಸ್‌ನಂಥ ಚಳಿಗೆ ಒಗ್ಗಿದ ಗ್ರಾಂ ನೆಗೆಟಿವ್ (ಹೆಚ್ಚುವರಿ ಹೊರಪೊರೆ ಇರುವ) ಬ್ಯಾಕ್ಟೀರಿಯಾ, ಯೀಸ್ಟ್ ಮತ್ತು ಬೂಷ್ಟು ಮುಖ್ಯ. ಈಗ ಆಯ್ಕೆ ತಾನಾಗಿ ಕಿರಿದಾಗುತ್ತದೆ. ನೈಸಿನ್ ಒಳ್ಳೆಯ ಸಂರಕ್ಷಕ, ಆದರೆ ಅದು ಕೆಲಸ ಮಾಡುವುದು ಗ್ರಾಂ ಪಾಸಿಟಿವ್ (ಆ ಹೊರಪೊರೆ ಇಲ್ಲದ) ಬ್ಯಾಕ್ಟೀರಿಯಾ ಮೇಲೆ. ಸ್ಯೂಡೊಮೊನಾಸ್‌ನ ಹೊರಪೊರೆ ಅದನ್ನು ಒಳಗೆ ಬಿಡುವುದಿಲ್ಲ, ಬೂಷ್ಟಿಗಂತೂ ಅದರಿಂದ ಏನೂ ಆಗುವುದಿಲ್ಲ. ನೈಸಿನ್ ಹಾಕಿದ ಫಿಲಂ ಪನೀರ್ ಮೇಲೆ ಸೋತಾಗ ಫಿಲಂ ಸರಿಯಿಲ್ಲ ಎಂದು ತೀರ್ಮಾನಿಸುವವರಿದ್ದಾರೆ, ತಪ್ಪಿರುವುದು ಜೋಡಣೆಯಲ್ಲಿ.

ಪೊಟ್ಯಾಸಿಯಂ ಸೋರ್ಬೇಟ್ ಬೂಷ್ಟಿಗೆ ಒಳ್ಳೆಯದು, ಆದರೆ ಪಿಎಚ್ ನೋಡಿಕೊಳ್ಳಬೇಕು. ಜೀವಕೋಶದ ಒಳಹೊಕ್ಕು ಕೆಲಸ ಮಾಡುವುದು ಮುಖ್ಯವಾಗಿ ಅಯಾನಾಗಿ (ವಿದ್ಯುದಂಶವಿರುವ ತುಣುಕಾಗಿ) ಒಡೆಯದೆ ಉಳಿದ ಸೋರ್ಬಿಕ್ ಆಮ್ಲ. ಪಿಎಚ್ 5ರಲ್ಲಿ ಅದರ ಪಾಲು ಸುಮಾರು ಶೇ 37. ಪಿಎಚ್ 6ರಲ್ಲಿ ಬರೀ ಶೇ 5ರಷ್ಟು. ಪಿಎಚ್ 7ರಲ್ಲಿ ಶೇ 1ಕ್ಕೂ ಕಡಿಮೆ. ಅಂದರೆ ಒಂದೇ ಪ್ರಮಾಣ ಹಾಕಿದರೂ ಹುಳಿ ಇರುವ ಆಹಾರದಲ್ಲಿ ಅದು ಏಳೆಂಟು ಪಟ್ಟು ಹೆಚ್ಚು ಶಕ್ತಿಯದ್ದು.

ಚಿಟೋಸಾನ್‌ನ ವಿಶೇಷ ಎಂದರೆ ಅದು ಫಿಲಂ ಆಗಿಯೂ ಸಂರಕ್ಷಕವಾಗಿಯೂ ಎರಡೂ ಕೆಲಸ ಮಾಡುತ್ತದೆ. ಪಿಎಚ್ ಸುಮಾರು 6.3ಕ್ಕಿಂತ ಕೆಳಗಿದ್ದಾಗ ಅದರ ಅಮೈನೋ ಗುಂಪುಗಳಲ್ಲಿ ಹೆಚ್ಚಿನವು ಧನ ವಿದ್ಯುದಂಶ ಪಡೆದು, ಋಣ ವಿದ್ಯುದಂಶವಿರುವ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ಅದರ ಪೊರೆಯನ್ನು ಸೋರುವಂತೆ ಮಾಡುತ್ತವೆ. ಪನೀರ್‌ನ ಪಿಎಚ್ ಇದಕ್ಕೆ ಒಪ್ಪುತ್ತದೆ. ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾ ಮೇಲೂ ಅದರ ಪರಿಣಾಮವಿದೆ. ಪನೀರ್‌ಗೆ ನಮ್ಮ ಮೊದಲ ಆಯ್ಕೆ ಅದೇ, ಒಂದು ದೊಡ್ಡ ಷರತ್ತಿನೊಂದಿಗೆ: ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ಚಿಟೋಸಾನ್ ಸೀಗಡಿ, ಏಡಿ ಚಿಪ್ಪಿನದ್ದು. ಆ ವಿಷಯಕ್ಕೆ ಮುಂದೆ ಬರೋಣ.

ಪ್ರಮಾಣದ ಲೆಕ್ಕ: ದ್ರಾವಣದ ಶೇಕಡಾ ನಂಬಬೇಡಿ

ಇಡೀ ಕೆಲಸದಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿ. ‘ಫಿಲಂ ದ್ರಾವಣದಲ್ಲಿ ಶೇ 0.5 ಲವಂಗದ ಎಣ್ಣೆ’ ಎಂದಾಗ ಬಹಳ ಕಡಿಮೆ ಅನ್ನಿಸುತ್ತದೆ. ಅದನ್ನು ಆಹಾರದ ಲೆಕ್ಕಕ್ಕೆ ಇಳಿಸಿ ನೋಡಿ.

5 ಸೆಂಮೀ ಉದ್ದ, 5 ಸೆಂಮೀ ಅಗಲ, 2 ಸೆಂಮೀ ದಪ್ಪದ ಪನೀರ್ ತುಂಡು ಸುಮಾರು 50 ಗ್ರಾಂ ತೂಗುತ್ತದೆ. ಅದರ ಮೇಲ್ಮೈ 90 ಚದರ ಸೆಂಮೀ. ಮಡಿಕೆಗಳನ್ನು ಸೇರಿಸಿ ಸುತ್ತಲು 120 ಚದರ ಸೆಂಮೀ ಫಿಲಂ ಬೇಕು. ಪ್ರತಿ ಚದರ ಸೆಂಮೀಗೆ 0.3 ಮಿಲಿ ದ್ರಾವಣ ಸುರಿದಿದ್ದರೆ, ಒಟ್ಟು 36 ಮಿಲಿ ದ್ರಾವಣದ ಎಣ್ಣೆ ಆ ತುಂಡಿನ ಸುತ್ತ ಇದೆ. ಶೇ 0.5ರ ಲೆಕ್ಕದಲ್ಲಿ ಅದು 0.18 ಮಿಲಿ, ಹತ್ತಿರ ಹತ್ತಿರ 190 ಮಿಲಿಗ್ರಾಂ. ಒಂದು ಲವಂಗದ ಮೊಗ್ಗಿನಲ್ಲಿ ಸುಮಾರು 10–15 ಮಿಲಿಗ್ರಾಂ ಎಣ್ಣೆ ಇರುತ್ತದೆ. ಅಂದರೆ 50 ಗ್ರಾಂ ಪನೀರ್‌ಗೆ ಹನ್ನೆರಡರಿಂದ ಹತ್ತೊಂಬತ್ತು ಲವಂಗ ಅರೆದು ಹಾಕಿದಂತೆ. ಒಣಗುವಾಗ ಒಂದಷ್ಟು ಎಣ್ಣೆ ಹಾರಿಹೋದರೂ ಅದನ್ನು ಯಾರೂ ತಿನ್ನಲಾರರು.

ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಪೆಟ್ರಿ ತಟ್ಟೆಯಲ್ಲಿ ಅದನ್ನು ಕೊಂದ ಪ್ರಮಾಣ ಪನೀರ್ ಮೇಲೆ ಸಾಲುವುದಿಲ್ಲ ಎಂಬುದೂ ನಿಜ. ಲವಂಗದ ಎಣ್ಣೆಯ ಯೂಜಿನಾಲ್, ಓಮದ ಎಣ್ಣೆಯ ಥೈಮಾಲ್‌ನಂಥ ಅಣುಗಳು ಕೊಬ್ಬಿನೊಳಗೆ ಕರಗಿಹೋಗುತ್ತವೆ, ಪ್ರೋಟೀನಿಗೂ ಅಂಟಿಕೊಳ್ಳುತ್ತವೆ. ಬ್ಯಾಕ್ಟೀರಿಯಾಗೆ ಸಿಗುವುದು ಉಳಿದದ್ದು. ಹೀಗೆ ಒಂದು ಕಡೆ ಹೆಚ್ಚು ಬೇಕು, ಇನ್ನೊಂದು ಕಡೆ ರುಚಿ ಬೇಡ ಅನ್ನುತ್ತದೆ. ಈ ಎಳೆದಾಟಕ್ಕೆ ದಾರಿ ಮೂರು: ಮುಖ್ಯ ಕೆಲಸ ಚಿಟೋಸಾನ್‌ಗೆ ಬಿಟ್ಟು ಎಣ್ಣೆಯನ್ನು ಸಹಾಯಕ್ಕೆ ಮಾತ್ರ ಇಡುವುದು, ಎಣ್ಣೆ ಇರುವ ಫಿಲಂ ಅನ್ನು ತುಂಡಿನ ಮೇಲೆ ಕೆಳಗೆ ಮಾತ್ರ ಇಡುವುದು, ಆಗ 120ರ ಬದಲು 50 ಚದರ ಸೆಂಮೀ ಸಾಕು, ಇಲ್ಲವೇ ಮಸಾಲೆ ಹಚ್ಚಿದ ಟಿಕ್ಕಾ ಪನೀರ್‌ನಂಥ, ಲವಂಗದ ವಾಸನೆ ಹೊಂದುವ ಪದಾರ್ಥವನ್ನೇ ಆರಿಸುವುದು.

ಅನುಮತಿ ಮಿತಿಗಳನ್ನೂ ಹೀಗೆಯೇ ಹಿಂದಿನಿಂದ ಲೆಕ್ಕ ಹಾಕಬೇಕು. ಒಂದು ಆಹಾರಕ್ಕೆ ನೈಸಿನ್ ಮಿತಿ ಕಿಲೋಗೆ 12.5 ಮಿಲಿಗ್ರಾಂ ಎಂದಿದ್ದರೆ, 50 ಗ್ರಾಂ ತುಂಡಿಗೆ 0.625 ಮಿಲಿಗ್ರಾಂ. ಮಾರಾಟಕ್ಕಿರುವ ನೈಸಿನ್ ಪುಡಿಯಲ್ಲಿ ಸಾಮಾನ್ಯವಾಗಿ ಶೇ 2.5 ಮಾತ್ರ ನೈಸಿನ್, ಉಳಿದದ್ದು ಹೆಚ್ಚಾಗಿ ಉಪ್ಪು. ಹಾಗಾಗಿ ಆ ತುಂಡಿನ ಫಿಲಂನಲ್ಲಿ ಪುಡಿ 25 ಮಿಲಿಗ್ರಾಂ ಮೀರಬಾರದು.

ಚಿಟೋಸಾನ್ ಫಿಲಂ

500 ಮಿಲಿ ದ್ರಾವಣಕ್ಕೆ ಬೇಕಾದದ್ದು: ಶೇ 85ಕ್ಕಿಂತ ಹೆಚ್ಚು ಡಿಅಸಿಟೈಲೀಕರಣವಾದ (ಅಸಿಟೈಲ್ ಗುಂಪು ಕಳೆದು ಅಮೈನೋ ಗುಂಪು ತೆರೆದುಕೊಂಡ), ಮಧ್ಯಮ ಅಣುತೂಕದ, ಆಹಾರ ದರ್ಜೆಯ ಚಿಟೋಸಾನ್ 10 ಗ್ರಾಂ, ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ 5 ಮಿಲಿ, ಡಿಸ್ಟಿಲ್ಡ್ ನೀರು 495 ಮಿಲಿ, ಫಿಲಂ ಮುರಿಯದೆ ಬಾಗಲು ಆಹಾರ ದರ್ಜೆಯ ಗ್ಲಿಸರಿನ್ 3 ಗ್ರಾಂ, ಬೇಕಿದ್ದರೆ ಲವಂಗದ ಎಣ್ಣೆ 1 ಮಿಲಿ ಮತ್ತು ಅದನ್ನು ನೀರಿನಲ್ಲಿ ಬೆರೆಸಲು ಪಾಲಿಸೋರ್ಬೇಟ್ 80, ಅಂದರೆ ಟ್ವೀನ್ 80, ಕಾಲು ಗ್ರಾಂ. ನರ್ಸರಿಗಳಲ್ಲಿ, ಗೊಬ್ಬರದಂಗಡಿಗಳಲ್ಲಿ ಗಿಡಕ್ಕೆ ಸಿಂಪಡಿಸಲು ಸಿಗುವ ಅಗ್ಗದ ಚಿಟೋಸಾನ್ ಇದಕ್ಕೆ ಖಂಡಿತ ಬೇಡ. ಲ್ಯಾಬ್ ದರ್ಜೆಯದೂ ಪ್ರಯೋಗಕ್ಕೆ ಮಾತ್ರ, ಬಾಯಿಗಲ್ಲ.

ಗ್ಲೇಶಿಯಲ್ ಆಮ್ಲ ಚರ್ಮ ಸುಡುತ್ತದೆ, ಹೊತ್ತಿಕೊಳ್ಳುತ್ತದೆ. ಕೈಗವಸು, ಕನ್ನಡಕ, ಗಾಳಿಯಾಡುವ ಜಾಗ ಬೇಕೇ ಬೇಕು. ಆಮ್ಲವನ್ನು ನೀರಿಗೆ ಹಾಕಿ, ನೀರನ್ನು ಆಮ್ಲಕ್ಕಲ್ಲ. ಅದು 16.6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಟ್ಟಿಯಾಗುವುದರಿಂದ ಡಿಸೆಂಬರ್, ಜನವರಿಯ ಬೆಂಗಳೂರಿನ ಬೆಳಗ್ಗೆ ಬಾಟಲಿಯೊಳಗೆ ಹರಳುಗಟ್ಟಿರುವುದುಂಟು. ಉರಿಯ ಹತ್ತಿರ ಒಯ್ಯದೆ, ಮುಚ್ಚಳ ಸಡಿಲಿಸಿ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ. ಮನೆಯಲ್ಲಿ ಮಾಡುವವರು ಈ ಆಮ್ಲದ ಗೋಜಿಗೇ ಹೋಗದೆ ಬಿಳಿ ವಿನೆಗರ್ ಬಳಸಲಿ: ಶೇ 5ರದ್ದಾದರೆ 100 ಮಿಲಿ ವಿನೆಗರ್, 400 ಮಿಲಿ ನೀರು, ಶೇ 4ರದ್ದಾದರೆ 125 ಮಿಲಿ ವಿನೆಗರ್, 375 ಮಿಲಿ ನೀರು. ಎರಡರಲ್ಲೂ ಸಿಗುವುದು ಶೇ 1ರ ದ್ರಾವಣವೇ. ಒಣಗಿದ ಫಿಲಂನಲ್ಲಿ ವಿನೆಗರ್ ವಾಸನೆ ಉಳಿಯುವುದು ಬೇಡವೆಂದರೆ ಲ್ಯಾಕ್ಟಿಕ್ ಆಮ್ಲ ಶೇ 1 ಬಳಸಬಹುದು. ಆಗ ಫಿಲಂ ಮೆದುವಾಗುತ್ತದೆ, ಸ್ವಲ್ಪ ಅಂಟುತ್ತದೆ. ಗ್ಲಿಸರಿನ್ ಅನ್ನು 3ರಿಂದ 1.5 ಗ್ರಾಂಗೆ ಇಳಿಸಿ.

ಆಮ್ಲದ ನೀರನ್ನು ಕದಡುತ್ತಾ ಚಿಟೋಸಾನ್ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿ. ಒಮ್ಮೆಲೇ ಸುರಿದರೆ ಹೊರಗೆ ಅಂಟಾಗಿ ಒಳಗೆ ಒಣಗಿದ ಗಂಟುಗಳಾಗುತ್ತವೆ, ಅವು ಕರಗುವುದೇ ಇಲ್ಲ. ಮ್ಯಾಗ್ನೆಟಿಕ್ ಸ್ಟರರ್ ಇದ್ದರೆ ನಿಮಿಷಕ್ಕೆ 400–600 ಸುತ್ತಿನ ವೇಗದಲ್ಲಿ ರಾತ್ರಿಯಿಡೀ ಬಿಡಿ. ಇಲ್ಲದಿದ್ದರೆ ಆಗಾಗ ಕದಡುತ್ತಾ ಒಂದು ದಿನ. ಸಿದ್ಧ ದ್ರಾವಣ ತಿಳಿ ಹಳದಿ, ಜೇನಿಗಿಂತ ತುಸು ತೆಳು. ಎರಡು ಪದರ ನೈಲಾನ್ ಬಟ್ಟೆಯಲ್ಲಿ ಸೋಸಿ, ಗ್ಲಿಸರಿನ್ ಸೇರಿಸಿ ಅರ್ಧ ಗಂಟೆ ಕದಡಿ.

ಎಣ್ಣೆ ಹಾಕುವುದಾದರೆ ಅದನ್ನು ಮೊದಲು ಟ್ವೀನ್ ಜೊತೆ ಬೆರೆಸಿಕೊಂಡು ದ್ರಾವಣಕ್ಕೆ ಹನಿಸಿ, ಅತಿ ವೇಗದ ಬೆರೆಸುವ ಯಂತ್ರವಾದ ಹೋಮೋಜೆನೈಸರ್‌ನಲ್ಲಿ ನಿಮಿಷಕ್ಕೆ 10,000 ಸುತ್ತಿನ ವೇಗದಲ್ಲಿ 3–4 ನಿಮಿಷ ತಿರುಗಿಸಿ. ಹ್ಯಾಂಡ್ ಬ್ಲೆಂಡರ್ ಕೂಡ ನಡೆಯುತ್ತದೆ: ಅರ್ಧ ನಿಮಿಷ ಓಡಿಸಿ, ಅರ್ಧ ನಿಮಿಷ ಬಿಟ್ಟು, ಹೀಗೆ ಐದಾರು ಸಲ, ಬ್ಲೇಡು ಸದಾ ದ್ರಾವಣದೊಳಗೇ ಮುಳುಗಿರಲಿ. ಮಿಕ್ಸಿ ಬೇಡ, ನೊರೆಯೂ ಬಿಸಿಯೂ ಎರಡೂ ಹೆಚ್ಚು. ಎಣ್ಣೆ ಆಹಾರ ದರ್ಜೆಯದೇ ಇರಲಿ, ಪರಿಮಳಕ್ಕೆಂದು ಮಾರುವ ‘ಫ್ರೇಗ್ರೆನ್ಸ್ ಆಯಿಲ್’ ಅಲ್ಲ. ನಿಜವಾದ ಲವಂಗದ ಎಣ್ಣೆ ನೀರಿಗಿಂತ ಭಾರ, ಹನಿ ಹಾಕಿದರೆ ತಳಕ್ಕಿಳಿಯುತ್ತದೆ. ತೇಲಿದರೆ ಬೇರೇನೋ ಬೆರೆತಿದೆ ಎಂದು ಅನುಮಾನಿಸಿ, ಮುಳುಗಿದ ಮಾತ್ರಕ್ಕೆ ಶುದ್ಧ ಎಂದೂ ತಿಳಿಯಬೇಡಿ. ಅಳತೆಗೆ ಗಾಜು ಬಳಸಿ. ಶುದ್ಧ ಯೂಜಿನಾಲ್ ಪಾಲಿಸ್ಟೈರೀನ್ ಲೋಟವನ್ನು ಕರಗಿಸುತ್ತದೆ.

ಆಮೇಲೆ ಗುಳ್ಳೆ ತೆಗೆಯುವುದು. ಗುಳ್ಳೆ ಉಳಿದ ಕಡೆ ಫಿಲಂನಲ್ಲಿ ಸೂಜಿರಂಧ್ರ, ಸೂಜಿರಂಧ್ರ ಇದ್ದ ಕಡೆ ಬೂಷ್ಟು. ನಿರ್ವಾತ ಪಂಪ್ ಇದ್ದರೆ 20 ನಿಮಿಷ. ಇಲ್ಲದಿದ್ದರೆ ಎಣ್ಣೆ ಇಲ್ಲದ ದ್ರಾವಣವನ್ನು ಮುಚ್ಚಿ ಫ್ರಿಜ್‌ನಲ್ಲಿ ರಾತ್ರಿ ಇಡಿ. ಎಣ್ಣೆ ಇರುವುದನ್ನು ಅಷ್ಟು ಹೊತ್ತು ಬಿಟ್ಟರೆ ಬೇರ್ಪಡುತ್ತದೆ. ಒಂದು ಗಂಟೆ ಸಾಕು, ಮೇಲಿನ ನೊರೆಯನ್ನು ಚಮಚದಲ್ಲಿ ತೆಗೆಯಿರಿ.

ಸುರಿಯಲು ಅಕ್ರಿಲಿಕ್, ಸಿಲಿಕೋನ್ ಅಥವಾ ಟೆಫ್ಲಾನ್ ತಟ್ಟೆ ಬೇಕು. ಗಾಜಿಗೆ ಚಿಟೋಸಾನ್ ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆಂದರೆ ಬಿಡಿಸುವಾಗ ಹರಿದೇ ಹೋಗುತ್ತದೆ. 20 ಸೆಂಮೀ ಅಗಲ, 25 ಸೆಂಮೀ ಉದ್ದದ ತಟ್ಟೆಗೆ 150 ಮಿಲಿ. 9 ಸೆಂಮೀ ಪೆಟ್ರಿ ತಟ್ಟೆಗೆ 20 ಮಿಲಿ. ಒಣಗಿದ ಮೇಲೆ ದಪ್ಪ 60 ಮೈಕ್ರಾನ್ ಆಸುಪಾಸು ಬರುತ್ತದೆ. ತಟ್ಟೆ ಇಡುವ ಜಾಗವನ್ನು ಗಾರೆಯವರ ರಸಮಟ್ಟದಿಂದ ಎರಡೂ ದಿಕ್ಕಿನಲ್ಲಿ ನೋಡಿ. ಒಂದು ಮಿಲಿಮೀಟರ್ ಓರೆಯೂ ಇಲ್ಲಿ ದೊಡ್ಡದು, ಏಕೆಂದರೆ ಸುರಿದ ದ್ರಾವಣದ ಆಳವೇ 3 ಮಿಮೀ.

ಬೆಂಗಳೂರಿನ ಗಾಳಿಯಲ್ಲಿ ಒಣಗಿಸುವುದು

40 ಡಿಗ್ರಿ ಸೆಲ್ಸಿಯಸ್‌ನಲ್ಲಿ 24ರಿಂದ 36 ಗಂಟೆ. ತಾಪಮಾನ ಹಿಡಿದಿಡುವ ಫುಡ್ ಡಿಹೈಡ್ರೇಟರ್ ಆದರೂ ಸಾಕು, ಫ್ಯಾನ್ ನೇರವಾಗಿ ತಟ್ಟೆಗೆ ಬಡಿಯದಂತೆ ನೋಡಿಕೊಳ್ಳಿ. 60 ಡಿಗ್ರಿಗೆ ಏರಿಸಿದರೆ ಬೇಗ ಒಣಗುತ್ತದೆ ನಿಜ, ಆದರೆ ಎಣ್ಣೆ ಹಾರಿಹೋಗುತ್ತದೆ, ಮೇಲೆ ಮೊದಲು ಚರ್ಮ ಕಟ್ಟಿ ಒಳಗಿನ ನೀರು ಸಿಕ್ಕಿಕೊಳ್ಳುತ್ತದೆ, ಫಿಲಂ ಹಳದಿಯಾಗುತ್ತದೆ.

ಬೆಂಗಳೂರಿನ ಋತು ಈ ಕೆಲಸದಲ್ಲಿ ಎದ್ದು ಕಾಣುತ್ತದೆ. ಮಾರ್ಚ್ ಮಧ್ಯಾಹ್ನ ಗಾಳಿಯ ಆರ್ದ್ರತೆ ಶೇ 30ರ ಆಸುಪಾಸಿಗೆ ಇಳಿದಾಗ ಫಿಲಂನ ಅಂಚು ಮೊದಲು ಒಣಗಿ, ಸುರುಳಿಯಾಗಿ, ನಡುವೆ ಬಿರುಕು ಬಿಡುತ್ತದೆ. ಆಗ ಒಣಗಿಸುವ ಪೆಟ್ಟಿಗೆಯಲ್ಲಿ ಒಂದು ಬಟ್ಟಲು ನೀರಿಡಿ, ಗ್ಲಿಸರಿನ್ ಅನ್ನು ಅರ್ಧ ಗ್ರಾಂ ಏರಿಸಿ. ಜುಲೈ, ಆಗಸ್ಟ್‌ನಲ್ಲಿ ಇದಕ್ಕೆ ತದ್ವಿರುದ್ಧ: ಶೇ 80ರ ಆರ್ದ್ರತೆಯಲ್ಲಿ ಬಿಸಿಯಿಲ್ಲದೆ ಇಟ್ಟ ತಟ್ಟೆ ಮೂರು ದಿನವಾದರೂ ಅಂಟಂಟಾಗಿರುತ್ತದೆ. ಪಿಷ್ಟದ ಫಿಲಂ ಆದರೆ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಬಿಸಿ ಪೆಟ್ಟಿಗೆ ಇಲ್ಲದೆ ಶುರುಮಾಡಬೇಡಿ. ಬಾಗಿಲು ಮುಚ್ಚಿದ ಆ ಪೆಟ್ಟಿಗೆಗೆ ಗಾಳಿ ಹೊರಹೋಗುವ ಕಿಂಡಿಯೂ ಬೇಕು. ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಸಣ್ಣ ಡಿಜಿಟಲ್ ಆರ್ದ್ರತಾಮಾಪಕ ಒಂದನ್ನು ಒಳಗಿಟ್ಟು, ಪ್ರತಿ ಬ್ಯಾಚಿನ ಅಂಕಿ ಬರೆದಿಟ್ಟುಕೊಳ್ಳಿ. ಅದಿಲ್ಲದಿದ್ದರೆ ಏಪ್ರಿಲ್‌ನ ಫಿಲಂ ಯಾಕೆ ಚೆನ್ನಾಗಿತ್ತು, ಸೆಪ್ಟೆಂಬರ್‌ನದು ಯಾಕೆ ಕೆಟ್ಟಿತು ಎಂದು ತಿಳಿಯುವುದೇ ಇಲ್ಲ.

ಬಿಡಿಸಿದ ಫಿಲಂ ಅನ್ನು ಅಳೆಯುವ ಮೊದಲು ಎರಡು ದಿನ ಒಂದೇ ಆರ್ದ್ರತೆಯಲ್ಲಿ ಇಡಬೇಕು. ಗಾಳಿಯಾಡದ ಡಬ್ಬಿಯ ತಳದಲ್ಲಿ ಮೆಗ್ನೀಸಿಯಂ ನೈಟ್ರೇಟ್‌ನ ಸಂತೃಪ್ತ ದ್ರಾವಣ ಇಟ್ಟರೆ 25 ಡಿಗ್ರಿಯಲ್ಲಿ ಶೇ 53 ಆರ್ದ್ರತೆ ನಿಲ್ಲುತ್ತದೆ. ಅಡುಗೆ ಉಪ್ಪಿನದಾದರೆ ಶೇ 75. ಆಮೇಲೆ ಸ್ಕ್ರೂ ಗೇಜ್‌ನಿಂದ ಐದು ಕಡೆ ದಪ್ಪ ನೋಡಿ. ಹತ್ತಿರ ಹತ್ತಿರ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಆ ಹಾಳೆ ಪರೀಕ್ಷೆಗೆ ಬೇಡ: ದಪ್ಪ ಇರುವ ಕಡೆ ಸಂರಕ್ಷಕವೂ ಹೆಚ್ಚಿರುತ್ತದೆ, ಫಲಿತಾಂಶ ಗೊಂದಲವಾಗುತ್ತದೆ.

ಕೆಟ್ಟ ಫಿಲಂ ಓದುವುದು

ಮೈ ಜಿಡ್ಡಾಗಿ ಬೆರಳಿಗೆ ಅಂಟಿದರೆ ಗ್ಲಿಸರಿನ್ ಹೆಚ್ಚಾಗಿದೆ. ಚಿಟೋಸಾನ್ ಫಿಲಂನಲ್ಲಿ ಪಾಲಿಮರ್ ತೂಕದ ಶೇ 40 ದಾಟಿದರೆ ಅದು ಹೊರಗೆ ಜಿನುಗತೊಡಗುತ್ತದೆ. ಮಡಿಚಿದಾಗ ಟಪ್ಪನೆ ಮುರಿದರೆ ಗ್ಲಿಸರಿನ್ ಕಡಿಮೆ, ಇಲ್ಲವೇ ಅತಿಯಾಗಿ ಒಣಗಿಸಿದ್ದೀರಿ. ಶೇ 53ರ ಡಬ್ಬಿಯಲ್ಲಿ ಒಂದು ದಿನ ಇಟ್ಟು ಮತ್ತೆ ಮಡಿಚಿ ನೋಡಿ, ಆಗಲೂ ಮುರಿದರೆ ಮಾತ್ರ ಪಾಕ ಬದಲಿಸಿ. ಮೀನುಕಣ್ಣಿನಂಥ ಗಟ್ಟಿ ಚುಕ್ಕೆ ಕರಗದ ಪುಡಿಯದ್ದು. ಎಣ್ಣೆ ಹಾಕಿದ ಫಿಲಂ ಮಬ್ಬಾಗಿರುವುದು ಸಹಜ, ಆದರೆ ಕಣ್ಣಿಗೆ ಕಾಣುವ ಎಣ್ಣೆ ಮಚ್ಚೆ ಇದ್ದರೆ ಬೆರೆಸುವಿಕೆ ಸಾಲಲಿಲ್ಲ ಅಥವಾ ಒಣಗಲು ಬಹಳ ಹೊತ್ತು ಹಿಡಿಯಿತು. ಒಣಗುವಾಗ ಎಣ್ಣೆ ಎರಡು ಮುಖಗಳಲ್ಲಿ ಸಮನಾಗಿ ಹಂಚಿಕೆಯಾಗದಿರಬಹುದು. ಪ್ರತಿ ಸಲ ಒಂದೇ ಮುಖ ಆಹಾರದ ಕಡೆಗೆ ಇರಲಿ. ಬಿಡಿಸುವಾಗಲೇ ಮೂಲೆಯಲ್ಲಿ ಗುರುತು ಮಾಡಿಕೊಳ್ಳಿ.

ಪನೀರ್ ಮೇಲೆ ಹೊದಿಸಿದ ಚಿಟೋಸಾನ್ ಫಿಲಂ ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಅದನ್ನು ದೋಷ ಎಂದುಕೊಂಡು ಕ್ಷಾರದಲ್ಲಿ ಅದ್ದಿ ಗಟ್ಟಿ ಮಾಡುವ ವಿಧಾನವಿದೆ. ಅದರಿಂದ ಫಿಲಂ ನೀರಿಗೆ ನಿಲ್ಲುತ್ತದೆ, ಆದರೆ ಧನ ವಿದ್ಯುದಂಶ ಕಳೆದುಕೊಂಡು ಸೂಕ್ಷ್ಮಾಣು ತಡೆಯುವ ಶಕ್ತಿಯೂ ಕುಗ್ಗುತ್ತದೆ. ಯಾವುದಕ್ಕಾಗಿ ಈ ಫಿಲಂ ಮಾಡಿದೆವೋ ಅದನ್ನೇ ಬಿಟ್ಟುಕೊಡುವುದು ನಮಗೆ ಸರಿಕಾಣುವುದಿಲ್ಲ. ಉಬ್ಬಿದ ಫಿಲಂ ಮೈಗೆ ಚೆನ್ನಾಗಿ ಅಂಟಿ ಕೂರುತ್ತದೆ, ಅಡುಗೆಯಲ್ಲಿ ತುಂಡಿನೊಂದಿಗೇ ಹೋಗುತ್ತದೆ.

ಸಸ್ಯಾಹಾರಿ ದಾರಿ: ಆಲ್ಜಿನೇಟ್

ಕಂದು ಕಡಲಪಾಚಿಯಿಂದ ಬರುವ ಸೋಡಿಯಂ ಆಲ್ಜಿನೇಟ್ 10 ಗ್ರಾಂ, ಗ್ಲಿಸರಿನ್ 5 ಗ್ರಾಂ, ನೀರು 500 ಮಿಲಿ. ಪುಡಿಯನ್ನು ಮೊದಲು ಗ್ಲಿಸರಿನ್‌ನಲ್ಲಿ ನೆನೆಸಿ ಕಲಸಿಕೊಂಡರೆ ಗಂಟಾಗುವುದಿಲ್ಲ. 60 ಡಿಗ್ರಿಯಲ್ಲಿ ಒಂದು ಗಂಟೆ ಕದಡಿ, ರಾತ್ರಿ ಇಟ್ಟು, ಹಿಂದೆ ಹೇಳಿದಂತೆಯೇ ಸುರಿದು ಒಣಗಿಸಿ.

ನೀರಿನ ವಿಷಯದಲ್ಲಿ ಇಲ್ಲಿ ರಾಜಿ ಬೇಡ. ಬೆಂಗಳೂರಿನ ಅನೇಕ ಬಡಾವಣೆಗಳ ಬೋರ್‌ವೆಲ್ ನೀರು ಗಡಸು, ಅದರ ಕ್ಯಾಲ್ಸಿಯಂ ತಗುಲಿದ ಕೂಡಲೇ ಆಲ್ಜಿನೇಟ್ ಅಲ್ಲಲ್ಲೇ ಜೆಲ್ ಆಗಿ ದ್ರಾವಣ ಒಡೆದ ಹಾಲಿನಂತಾಗುತ್ತದೆ. ಡಿಸ್ಟಿಲ್ಡ್ ಅಥವಾ ಆರ್‌ಒ ನೀರೇ ಬೇಕು. ವಿನೆಗರ್, ನಿಂಬೆ, ಸಿಟ್ರಿಕ್ ಆಮ್ಲವನ್ನೂ ಸೇರಿಸಬೇಡಿ. ಪಿಎಚ್ ಬಹಳ ಇಳಿದರೆ ಆಲ್ಜಿನಿಕ್ ಆಮ್ಲವಾಗಿ ಗಟ್ಟಿಗಟ್ಟುತ್ತದೆ. ಚಿಟೋಸಾನ್ ದ್ರಾವಣದೊಂದಿಗೆ ಬೆರೆಸಲೂ ಹೋಗಬೇಡಿ. ಎರಡರ ವಿದ್ಯುದಂಶ ವಿರುದ್ಧವಾದ್ದರಿಂದ ತಕ್ಷಣ ಗಂಟುಗಟ್ಟುತ್ತವೆ. ಇದೇ ಕಾರಣಕ್ಕೆ ಧನ ವಿದ್ಯುದಂಶದ ನೈಸಿನ್ ಕೂಡ ಆಲ್ಜಿನೇಟ್‌ಗೆ ಅಂಟಿಕೊಂಡು ನಿಧಾನವಾಗಿ ಹೊರಬರುತ್ತದೆ.

ಒಣಗಿದ ಆಲ್ಜಿನೇಟ್ ಹಾಳೆ ಹಾಗೆಯೇ ಬಿಟ್ಟರೆ ಪನೀರ್‌ನ ನೀರಿಗೆ ಕರಗುತ್ತದೆ. ಅದನ್ನು ಶೇ 2ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಎರಡು ನಿಮಿಷ ಅದ್ದಬೇಕು. ಹೆಚ್ಚು ಹೊತ್ತು ಬಿಟ್ಟರೆ ಗಡುಸಾಗುತ್ತದೆ, ಕಹಿಯೂ ಬರುತ್ತದೆ. ಕಹಿ ಬೇಡದವರು ಕ್ಯಾಲ್ಸಿಯಂ ಲ್ಯಾಕ್ಟೇಟ್ ಶೇ 3 ಬಳಸಲಿ. ಈ ಅದ್ದುವಿಕೆಯಲ್ಲಿ ಕಣ್ಣಿಗೆ ಕಾಣದ ನಷ್ಟವೊಂದಿದೆ: ಫಿಲಂನಲ್ಲಿದ್ದ ಗ್ಲಿಸರಿನ್ ಮತ್ತು ಸೋರ್ಬೇಟ್ ಎರಡೂ ಬಟ್ಟಲಿಗೆ ಇಳಿಯುತ್ತವೆ. ಹಾಗಾಗಿ ಆ ದ್ರಾವಣಕ್ಕೇ ಶೇ 5 ಗ್ಲಿಸರಿನ್ ಹಾಕಿ. ಸೋರ್ಬೇಟ್ ಬಳಸುತ್ತಿದ್ದರೆ ಫಿಲಂ ದ್ರಾವಣದಲ್ಲಿದ್ದ ಅದೇ ಪ್ರಮಾಣವನ್ನು ಅದಕ್ಕೂ ಹಾಕಿ. ಚೌಕಟ್ಟಿಗೆ ಬಿಗಿದು ಒಣಗಿಸಿ, ಇಲ್ಲದಿದ್ದರೆ ಮುದುಡುತ್ತದೆ.

ಆಲ್ಜಿನೇಟ್‌ಗೆ ಸ್ವಂತ ಸೂಕ್ಷ್ಮಾಣು ನಾಶಕ ಗುಣ ಇಲ್ಲವಾದ್ದರಿಂದ ಪೂರ್ತಿ ಭಾರ ಎಣ್ಣೆ ಅಥವಾ ಸಂರಕ್ಷಕದ ಮೇಲೆ. ಓಮದ ಎಣ್ಣೆಯ ಥೈಮಾಲ್ ಬಲವಾದದ್ದು. ನಮ್ಮ ಬಾಯಿಗೆ ಓಮದ ರುಚಿ ಪರಿಚಿತವೂ ಹೌದು, ಮಸಾಲೆ ಪನೀರ್‌ಗೆ ಚೆನ್ನಾಗಿ ಹೊಂದುತ್ತದೆ.

ಹೋಳಿಗೆ, ಪರಂಗಿ

ಹೋಳಿಗೆಯ ಮೈ ಒಣ, ಶತ್ರು ಬೂಷ್ಟು. ಇಲ್ಲಿ ದುಬಾರಿ ಪಾಲಿಮರ್ ಬೇಡ. ಮರಗೆಣಸಿನ ಪಿಷ್ಟ 20 ಗ್ರಾಂ, ಗ್ಲಿಸರಿನ್ 6 ಗ್ರಾಂ, ನೀರು 500 ಮಿಲಿ. 85–90 ಡಿಗ್ರಿಯಲ್ಲಿ ಕದಡುತ್ತಾ 20 ನಿಮಿಷ ಬೇಯಿಸಿ. 50 ಡಿಗ್ರಿಗೆ ಇಳಿದ ಮೇಲೆ ಚಕ್ಕೆ ಅಥವಾ ಲವಂಗದ ಎಣ್ಣೆ 0.5 ಮಿಲಿ, ಟ್ವೀನ್ ಒಂದೆರಡು ಹನಿ. ಎರಡು ಹೋಳಿಗೆಗಳ ನಡುವೆ ಒಂದೊಂದು ಹಾಳೆ. ಎಣ್ಣೆಯ ಆವಿ ಪ್ಯಾಕೆಟ್ಟಿನೊಳಗೆ ಹರಡಿ ಬೂಷ್ಟನ್ನು ತಡೆಯುತ್ತದೆ, ಏಲಕ್ಕಿ ಘಮದ ಜೊತೆ ಅದು ಅಪರಿಚಿತವೂ ಅನ್ನಿಸುವುದಿಲ್ಲ. ಹೋಳಿಗೆ ಪೂರ್ತಿ ಆರಿದ ಮೇಲೆಯೇ ಇಡಬೇಕು. ಬಿಸಿಯಿದ್ದರೆ ಒಳಗೆ ನೀರು ಹನಿಗಟ್ಟಿ ಪಿಷ್ಟ ಕರಗಿ ಅಂಟುತ್ತದೆ. ಪಿಷ್ಟದ ಫಿಲಂ ವಾರಗಳು ಕಳೆದಂತೆ ತಾನೇ ಗಡುಸಾಗುವುದರಿಂದ ಹತ್ತು ದಿನಕ್ಕೆ ಬೇಕಾದಷ್ಟೇ ಮಾಡಿಕೊಳ್ಳಿ.

ಹೆಚ್ಚಿದ ಹಣ್ಣಿಗೆ ಹಾಳೆಗಿಂತ ನೇರ ಲೇಪನ ಸುಲಭ: ಶೇ 1.5 ಆಲ್ಜಿನೇಟ್‌ನಲ್ಲಿ ಅದ್ದಿ, ಸೋರಿಸಿ, ಶೇ 2 ಕ್ಯಾಲ್ಸಿಯಂ ಲ್ಯಾಕ್ಟೇಟ್‌ನಲ್ಲಿ ಒಂದು ನಿಮಿಷ. ಲೇಪನ ದಪ್ಪವಾದರೆ ಆಮ್ಲಜನಕ ಸಾಲದೆ ಹಣ್ಣು ಒಳಗೇ ಹುದುಗಿ ಹೆಂಡದ ವಾಸನೆ ಬರುತ್ತದೆ. ಪರಂಗಿ ಹುಳಿ ಕಡಿಮೆಯ ಹಣ್ಣು, ರೋಗ ತರುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಬಲ್ಲದು. ಲೇಪನ ಮಾಡಿದ್ದರೂ 5 ಡಿಗ್ರಿಗಿಂತ ಕೆಳಗೇ ಇಡಬೇಕು.

ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು

ಪೆಟ್ರಿ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಹರಡಿ, ಮೇಲೆ ಫಿಲಂನ ಬಿಲ್ಲೆ ಇಟ್ಟು, ಸುತ್ತ ಎಷ್ಟು ಅಗಲ ತೆರವಾಯಿತೆಂದು ಅಳೆಯುವ ಪರೀಕ್ಷೆ ಜನಪ್ರಿಯ. ಅದು ಹೊರಗೆ ಹರಡುವ ವಸ್ತುಗಳಿಗೆ ಸರಿ. ಚಿಟೋಸಾನ್ ತಟ್ಟೆಯ ಜೆಲ್ ಆದ ಅಗರ್‌ನಲ್ಲಿ ಹರಡುವುದೇ ಇಲ್ಲ. ತೆರವಿನ ವಲಯ ಸೊನ್ನೆ ಬಂದರೂ ಬಿಲ್ಲೆಯ ಕೆಳಗೆ ಬ್ಯಾಕ್ಟೀರಿಯಾ ಸತ್ತಿರಬಹುದು. ಬಿಲ್ಲೆ ಎತ್ತಿ ಅದರಡಿ ನೋಡಬೇಕು. ರೋಗಕಾರಕ ಬ್ಯಾಕ್ಟೀರಿಯಾ ಬೆಳೆಸುವ ಇಂಥ ಕೆಲಸ ಮನೆಯ ಅಡುಗೆಕೋಣೆಗೆ ಅಲ್ಲ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಆಹಾರ ಪ್ರಯೋಗಾಲಯಗಳು ಬೆಂಗಳೂರಿನಲ್ಲೇ ಇವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಜಿಕೆವಿಕೆಯ ಕೃಷಿ ವಿಶ್ವವಿದ್ಯಾಲಯ, ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಕೊಯ್ಲೋತ್ತರ ವಿಷಯದಲ್ಲಿ ಅನುಭವವಿರುವ ಸಂಸ್ಥೆಗಳು.

ನಿಜವಾದ ಉತ್ತರ ಕೊಡುವುದು ಆಹಾರದ ಮೇಲಿನ ಪರೀಕ್ಷೆ. ಪನೀರ್‌ಗೆ ನಾಲ್ಕು ಗುಂಪು: ಏನೂ ಹೊದಿಸದ್ದು, ಸಂರಕ್ಷಕವಿಲ್ಲದ ಆಲ್ಜಿನೇಟ್ ಫಿಲಂ, ಚಿಟೋಸಾನ್ ಮಾತ್ರ, ಚಿಟೋಸಾನ್ ಮತ್ತು ಲವಂಗ. ಎರಡನೇ ಗುಂಪು ಬಿಟ್ಟರೆ, ಬರೀ ಹೊದಿಕೆಯಿಂದ ಆದ ಲಾಭ ಎಷ್ಟು, ಸಂರಕ್ಷಕದಿಂದ ಆದದ್ದು ಎಷ್ಟು ಎಂದು ಬೇರ್ಪಡಿಸಲು ಆಗುವುದಿಲ್ಲ. 0, 3, 6, 9, 12ನೇ ದಿನ ಪ್ರತಿ ಗುಂಪಿನಿಂದ ಮೂರು ತುಂಡು, ಒಟ್ಟು 60 ತುಂಡು, 3 ಕಿಲೋ ಪನೀರ್. ಒಂದು ತಟ್ಟೆಯ ಫಿಲಂ ನಾಲ್ಕು ತುಂಡಿಗೆ ಸಾಕಾಗುವುದರಿಂದ ಗುಂಪಿಗೆ ನಾಲ್ಕು ತಟ್ಟೆ, ಅಂದರೆ 600 ಮಿಲಿ ದ್ರಾವಣ ಬೇಕು. ಮೇಲಿನ 500 ಮಿಲಿ ಪಾಕ ಮೂರು ತಟ್ಟೆಗೆ ಮಾತ್ರ ಸಾಲುತ್ತದೆ. ಒಂದೂವರೆ ಪಟ್ಟು ಮಾಡಿಕೊಳ್ಳಿ. ತುಂಡುಗಳನ್ನು ಫ್ರಿಜ್‌ನ ಬಾಗಿಲಿನಲ್ಲಿ ಇಡದೆ ಒಳಗೆ, ಒಂದೇ ಅಂಕಣದಲ್ಲಿ, ಥರ್ಮಾಮೀಟರ್ ಜೊತೆ ಇಡಿ. ಪ್ರಯೋಗಾಲಯಕ್ಕೆ ಒಟ್ಟು ಸೂಕ್ಷ್ಮಾಣು ಎಣಿಕೆ, ಯೀಸ್ಟ್–ಬೂಷ್ಟು ಎಣಿಕೆ ಎರಡನ್ನೂ ಕೇಳಿ. ಗ್ರಾಂಗೆ 10 ಲಕ್ಷದಿಂದ 1 ಕೋಟಿ ತಲುಪುವ ಹೊತ್ತಿಗೆ ಲೋಳೆ, ವಾಸನೆ ಕಾಣಿಸತೊಡಗುತ್ತವೆ. ಲವಂಗದ ಗುಂಪನ್ನು ಹುರಿದು, ಏನು ಹಾಕಿದೆ ಎಂದು ಹೇಳದೆ ನಾಲ್ಕಾರು ಮಂದಿಗೆ ತಿನ್ನಿಸಿ ಕೇಳುವುದೂ ಅಷ್ಟೇ ಮುಖ್ಯ; ಆದರೆ ಎಲ್ಲವೂ ಆಹಾರ ದರ್ಜೆಯ ಸಾಮಗ್ರಿಯಾಗಿದ್ದು, ತುಂಡು ತಾಜಾ ಇದ್ದಾಗ, ಸೀಗಡಿ ಅಲರ್ಜಿ ಇಲ್ಲವೆಂದು ಮತ್ತು ಪ್ರಾಣಿಜನ್ಯ ಪದಾರ್ಥ ತಿನ್ನುತ್ತಾರೆಂದು ಮೊದಲೇ ಕೇಳಿಕೊಂಡು ಮಾತ್ರ.

ಮಾರುವ ಮುನ್ನ

ಸೀಗಡಿ, ಏಡಿ ಚಿಪ್ಪಿನ ಚಿಟೋಸಾನ್ ಬಳಸಿದ ಪನೀರ್ ಮೇಲೆ ಹಸಿರು ಚುಕ್ಕೆ ಹಾಕುವಂತಿಲ್ಲ. ಅದು ಕಂದು ತ್ರಿಕೋನದ ಮಾಂಸಾಹಾರಿ ಗುರುತಿಗೆ ಸೇರುತ್ತದೆ. ಜೊತೆಗೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ಲೇಬಲ್ ನಿಯಮಗಳಂತೆ ಕಠಿಣಚರ್ಮಿ ಜೀವಿಗಳ ಉತ್ಪನ್ನ ಇದೆ ಎಂಬ ಅಲರ್ಜಿ ಎಚ್ಚರಿಕೆಯೂ ಬೇಕು. ಪನೀರ್ ಕೊಳ್ಳುವವರಲ್ಲಿ ಸಸ್ಯಾಹಾರಿಗಳೇ ಎಷ್ಟೊಂದು ಮಂದಿ ಇರುವಾಗ ಇದನ್ನು ಮುಚ್ಚಿಡುವುದು ಅವರ ನಂಬಿಕೆಗೆ ಮಾಡುವ ದ್ರೋಹ. ಅಣಬೆ, ಶಿಲೀಂಧ್ರ ಮೂಲದ ಚಿಟೋಸಾನ್ ಇದೆ, ಬೆಲೆ ಹೆಚ್ಚು. ಸಸ್ಯಾಹಾರಿ ಮಾರುಕಟ್ಟೆಗೆ ಅದು ಅಥವಾ ಆಲ್ಜಿನೇಟ್.

ಸಂರಕ್ಷಕ ಯಾವುದೇ ಇರಲಿ, ಆಯಾ ಆಹಾರ ವರ್ಗಕ್ಕೆ ಅದು ಅನುಮತಿತವೇ, ಎಷ್ಟು ಎಂಬುದನ್ನು 2011ರ ಆಹಾರ ಉತ್ಪನ್ನ ಮಾನದಂಡ ಮತ್ತು ಆಹಾರ ಸೇರ್ಪಡೆ ನಿಯಮಗಳ ಪಟ್ಟಿಯಲ್ಲಿ, ಇತ್ತೀಚಿನ ತಿದ್ದುಪಡಿಗಳ ಸಮೇತ ನೋಡಿ. ಪಟ್ಟಿಯಲ್ಲಿಲ್ಲದ ಪದಾರ್ಥಕ್ಕೆ 2017ರ ಅನಿರ್ದಿಷ್ಟ ಆಹಾರಗಳ ಅನುಮೋದನಾ ನಿಯಮಗಳಡಿ ಮೊದಲೇ ಒಪ್ಪಿಗೆ ಪಡೆಯಬೇಕು. ತಾಜಾ ಹಣ್ಣಿನ ಲೇಪನಕ್ಕೆ ನಿಯಮದಲ್ಲಿ ಹೆಸರಿಸಿರುವುದು ಜೇನುಮೇಣ, ಕಾರ್ನೌಬಾ ಮೇಣ, ಅರಗಿನ ಮೇಣ. ಅದನ್ನೂ ಲೇಬಲ್‌ನಲ್ಲಿ ಹೇಳಬೇಕು. ಹಾಗಾಗಿ ಬೇರೆ ಲೇಪನದ ಹಣ್ಣನ್ನು ಅಂಗಡಿಗೆ ಇಡುವ ಮುನ್ನ ಲಿಖಿತ ಸ್ಪಷ್ಟನೆ ಕೇಳಿ.

ಸಿದ್ಧ ಫಿಲಂ ಹಾಳೆಗಳ ನಡುವೆ ಬಟರ್ ಪೇಪರ್ ಇಟ್ಟು, ಗಾಳಿಯಾಡದ ಚೀಲದಲ್ಲಿ, ಬೆಳಕಿನಿಂದ ದೂರ ತಂಪಾದ ಕಡೆ ಇಡಿ. ಎಣ್ಣೆ ಇರುವ ಹಾಳೆಗೆ ಅಲ್ಯೂಮಿನಿಯಂ ಪದರದ ಚೀಲವೇ ಬೇಕು, ಸಾದಾ ಪಾಲಿಥಿನ್ ಮೂಲಕ ವಾಸನೆಯ ಅಣುಗಳು ನುಸುಳಿಹೋಗುತ್ತವೆ. ಚಿಟೋಸಾನ್ ಫಿಲಂ ಹಳೆಯದಾದಂತೆ ಹಳದಿಯಾಗುತ್ತಾ ನೀರಿನಲ್ಲಿ ಕರಗುವ ಗುಣ ಕಳೆದುಕೊಳ್ಳುತ್ತದೆ. ಚೀಲದ ಮೇಲೆ ಮಾಡಿದ ದಿನಾಂಕ, ಬ್ಯಾಚ್, ಒಣಗಿಸಿದ ತಾಪಮಾನ, ಆರ್ದ್ರತೆ ಬರೆದು, ತಿಂಗಳಿಗೊಮ್ಮೆ ಒಂದು ತುಂಡನ್ನು ಮಡಿಚಿ, ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಹೊಸ ಹಾಳೆಯೊಂದಿಗೆ ಹೋಲಿಸಿ ನೋಡಿ. ವ್ಯತ್ಯಾಸ ಕಂಡ ಬ್ಯಾಚನ್ನು ಆಹಾರಕ್ಕೆ ಬಳಸಬೇಡಿ.